ಫಿಂಗರ್ ಜಾಯಿಂಟ್ ಕಟರ್: ಹೆಚ್‌ಎಸ್‌ಎಸ್ ಸಾಕೇ, ಕಾರ್ಬೈಡ್ ಬೇಕೇ?

ಮರದ ತುಂಡುಗಳ ತುದಿಯಲ್ಲಿ ಬೆರಳಿನಂತಹ ಹಲ್ಲು ಕೊರೆದು, ಒಂದರೊಳಗೊಂದು ಕೂರಿಸಿ ಅಂಟಿಸುವುದೇ ಫಿಂಗರ್ ಜಾಯಿಂಟ್. ಸುಳ್ಯ, ಪುತ್ತೂರು ಕಡೆಯ ರಬ್ಬರ್ ಮರದ ತುಂಡು ಜೋಡಿಸಿ ಬೋರ್ಡ್ ಮಾಡುವ ಘಟಕಕ್ಕೆ ನಮ್ಮ ಶಿಫಾರಸು ಮೈಕ್ರೋಗ್ರೇನ್ ಕಾರ್ಬೈಡ್ (ಟಂಗ್‌ಸ್ಟನ್ ಕಾರ್ಬೈಡ್‌ನ ನುಣ್ಣನೆ ಕಣಗಳನ್ನು ಕೋಬಾಲ್ಟ್ ಲೋಹದಿಂದ ಬೆಸೆದದ್ದು) ಟಿಪ್ ಕಟರ್. ಪೈನ್ ಮಾತ್ರ ಓಡಿಸುವವರು, ಸಾಣೆ ಯಂತ್ರವೂ ತಮ್ಮಲ್ಲೇ ಇದ್ದರೆ, ಹೆಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್ ಎಂಬ ಗಡಸು ಉಕ್ಕು) ಬಿಡಬೇಕಾಗಿಲ್ಲ.

ಹೆಚ್‌ಎಸ್‌ಎಸ್‌ನ ಗುಣ ಅದರ ಹರಿತ. ಮೆದು ಮರದ ನಾರನ್ನು ಹಿಸುಕದೆ ಕತ್ತರಿಸುತ್ತದೆ, ಗಂಟು ಬಡಿದರೂ ಸುಲಭಕ್ಕೆ ಚೂರಾಗುವುದಿಲ್ಲ. ಆದರೆ ತೇಗಕ್ಕೆ ಬೇಡವೇ ಬೇಡ: ತೇಗದಲ್ಲಿರುವ ಸಿಲಿಕಾ ಅಂಚನ್ನು ಬೇಗ ತಿನ್ನುತ್ತದೆ. ಪ್ಲೈವುಡ್, ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಎಂಡಿಎಫ್‌ನ ಗಟ್ಟಿ ಅಂಟೂ ಅಷ್ಟೇ. ಅಲ್ಲೆಲ್ಲ ಕಾರ್ಬೈಡೇ ಸರಿ. ಕಾರ್ಬೈಡ್‌ನಲ್ಲಿ ಕೋಬಾಲ್ಟ್ ಹೆಚ್ಚಿದ್ದರೆ ಪೆಟ್ಟು ತಡೆಯುತ್ತದೆ, ಕಡಿಮೆ ಇದ್ದರೆ ಸವೆತ ತಡೆಯುತ್ತದೆ. ಆದ್ದರಿಂದ ಬರೀ ‘ಕಾರ್ಬೈಡ್’ ಎಂದು ಬೆಲೆ ಕೇಳಬೇಡಿ, ಗ್ರೇಡ್ ಕೇಳಿ, ನಿಮ್ಮ ಮರ ಯಾವುದೆಂದು ಹೇಳಿ. ಪಿಸಿಡಿ (ಕೃತಕ ವಜ್ರದ ಕಣಗಳಿಂದ ಮಾಡಿದ ಟಿಪ್) ಬಹುಕಾಲ ಬಾಳುತ್ತದೆ, ನಿಜ. ಅದರ ಬೆಲೆ ಗಿಟ್ಟುವುದು ಒಂದೇ ಪ್ರೊಫೈಲ್‌ನಲ್ಲಿ ಎಂಡಿಎಫ್, ಲ್ಯಾಮಿನೇಟ್ ದಿನವಿಡೀ ಓಡಿಸುವವರಿಗೆ. ಗಂಟಿರುವ ಗಟ್ಟಿ ಮರಕ್ಕೆ, ಸಣ್ಣ ಘಟಕಕ್ಕೆ ನಾವು ಹೇಳುವುದಿಲ್ಲ.

ಕೊಳ್ಳುವ ಮುನ್ನ ಸಾಣೆ ಎಲ್ಲಿ ಹಿಡಿಸುತ್ತೀರಿ ಎಂಬುದನ್ನು ಗೊತ್ತು ಮಾಡಿಕೊಳ್ಳಿ. ಹೆಚ್‌ಎಸ್‌ಎಸ್‌ಗೆ ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್) ಚಕ್ರ, ಕಾರ್ಬೈಡ್‌ಗೆ ಡೈಮಂಡ್ ಚಕ್ರ. ಎರಡಕ್ಕೂ ಹಲ್ಲಿನ ಮುಂಮುಖವನ್ನಷ್ಟೇ ಉಜ್ಜಬೇಕು, ಕೋನ ಬದಲಾಗಬಾರದು. ಬದಲಾದರೆ ಫಿಂಗರ್‌ನ ಆಕಾರವೇ ಕೆಡುತ್ತದೆ. ಪ್ರತಿ ಸಾಣೆಗೂ ಕಟರ್‌ನ ವ್ಯಾಸ ತುಸು ತಗ್ಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಫಿಂಗರ್‌ನಿಂದ ಮುಂದಿನದಕ್ಕೆ 4 ಮಿ.ಮೀ. ಅಂತರದ ಪಿಚ್‌ನಲ್ಲಿ 25 ಮಿ.ಮೀ. ಹಲಗೆಗೆ ಏಳು ಕಟರ್ ಜೋಡಿಸಿದ್ದೀರಿ ಎನ್ನಿ. ಒಂದರ ಟಿಪ್ ಮುರಿಯಿತೆಂದು ಆ ಜಾಗಕ್ಕೆ ಹೊಸದೊಂದನ್ನು ಹಾಕಿದರೆ ಅದೊಂದೇ ಆಳಕ್ಕೆ ಇಳಿಯುತ್ತದೆ, ಆ ಸಾಲಿನ ತುದಿಯಲ್ಲಿ ಸಂದು ಉಳಿಯುತ್ತದೆ. ಇಡೀ ಸೆಟ್ಟಿಗೆ ಒಟ್ಟಿಗೇ ಸಾಣೆ ಹಿಡಿಸಿ, ಎಲ್ಲ ಹಲ್ಲುಗಳಿಂದಲೂ ಒಂದೇ ಪ್ರಮಾಣ ತೆಗೆಸಿ.

ಮೊಂಡಾದ ಕಟರ್ ಗುರುತು ಹಿಡಿಯುವುದು ಕಷ್ಟವಲ್ಲ. ಕೊಯ್ದ ಮುಖ ಹೊಳೆಯುತ್ತದೆ, ಕಂದಾಗುತ್ತದೆ. ಅಂತಹ ಮುಖಕ್ಕೆ ಪಿವಿಎ ಅಂಟು ಇಳಿಯುವುದಿಲ್ಲ. ತುದಿ ಸವೆದಿದ್ದರೆ ಕೊರೆದ ತೋಡಿನ ತಳ ದುಂಡಗಾಗಿ ಆಳ ಕಡಿಮೆಯಾಗುತ್ತದೆ. ಎದುರಿನ ಫಿಂಗರ್‌ನ ತುದಿ ತಳಕ್ಕೆ ಮೊದಲೇ ತಾಗಿ, ಇಳಿಜಾರು ಬದಿಗಳು ಒಂದಕ್ಕೊಂದು ಕೂರುವುದಿಲ್ಲ. ಆಗ ಪ್ರೆಸ್ಸಿನ ಒತ್ತಡ ಏರಿಸಿದರೆ ಮರವೇ ಸೀಳುತ್ತದೆ.

160 ಮಿ.ಮೀ. ಕಟರ್ 6000 ಆರ್‌ಪಿಎಂನಲ್ಲಿ ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 50 ಮೀಟರ್. ವೇಗ ಹೆಚ್ಚಿಸುವ ಮೊದಲು ಕಟರ್ ಮೇಲೆ ಕೆತ್ತಿರುವ ಗರಿಷ್ಠ ಆರ್‌ಪಿಎಂ ನೋಡಿ. ಆ ಗುರುತೇ ಇಲ್ಲದ ಅಗ್ಗದ ಕಟರ್ ಅನ್ನು, ಟಿಪ್ ಯಾವುದೇ ಇರಲಿ, ಸ್ಪಿಂಡಲ್‌ಗೆ ಏರಿಸಬೇಡಿ.