ಮನೆಯೊಳಗಿನ ಎರೆಗೊಬ್ಬರಕ್ಕೆ ಮೂರು ತಟ್ಟೆಗಳ ಪೆಟ್ಟಿಗೆ: ಒಂದು ವಿಮರ್ಶೆ

ಒಂದರ ಮೇಲೊಂದು ಕೂರುವ ಮೂರು ಪ್ಲಾಸ್ಟಿಕ್ ತಟ್ಟೆಗಳು, ಗಾಳಿಕಿಂಡಿಗಳಿರುವ ಮುಚ್ಚಳ, ಅಡಿಯಲ್ಲೊಂದು ತೊಟ್ಟಿ ಮತ್ತು ಅದಕ್ಕೊಂದು ನಲ್ಲಿ: ನಾನು ಬಳಸುತ್ತಿರುವ ಪೆಟ್ಟಿಗೆಯ ರಚನೆ ಇಷ್ಟೇ. ಜೋಡಣೆ ಸುಲಭವಾಗಿದೆ. ಎರೆಹುಳುಗಳನ್ನು ಬಿಟ್ಟ ಮೇಲೆ ಅದು ಹೇಗೆ ನಡೆಯುತ್ತದೆ ಎಂಬುದೇ ಮುಖ್ಯ.

ತಟ್ಟೆಗಳ ಆಳ ಕಡಿಮೆಯಿರುವುದು ಇದರ ದೊಡ್ಡ ಗುಣ. ಗೊಬ್ಬರಕ್ಕೆ ಬಳಸುವ ಐಸೀನಿಯಾ ಫೆಟಿಡಾ ಎಂಬ ಜಾತಿಯ ಎರೆಹುಳು ಮಣ್ಣಿನ ಆಳಕ್ಕೆ ಇಳಿಯುವಂಥದ್ದಲ್ಲ. ಕೊಳೆಯುವ ತರಗೆಲೆಗಳ ನಡುವೆ ಮೇಲ್ಪದರದಲ್ಲಿ ಬದುಕುತ್ತದೆ, ಒದ್ದೆಯಾದ ಚರ್ಮದ ಮೂಲಕವೇ ಉಸಿರಾಡುತ್ತದೆ. ಆಳವಾದ ಡಬ್ಬಿಯಲ್ಲಿ ಕೆಳಭಾಗ ಒತ್ತಿಕೊಂಡು ಗಾಳಿಯಿಲ್ಲದೆ ನಾರುವ ತೊಂದರೆ ಇಲ್ಲಿ ಬಹುಮಟ್ಟಿಗೆ ತಪ್ಪುತ್ತದೆ. ಮೇಲಿನ ತಟ್ಟೆಯಲ್ಲಿ ಆಹಾರವಿಟ್ಟರೆ ಹುಳುಗಳು ಅದರ ತಳದ ರಂಧ್ರಗಳ ಮೂಲಕ ಹತ್ತಿ ಹೋಗುವುದರಿಂದ, ಕೆಳಗಿನ ಗೊಬ್ಬರದಿಂದ ಅವನ್ನು ಒಂದೊಂದಾಗಿ ಆರಿಸುವ ಶ್ರಮವೂ ಉಳಿಯುತ್ತದೆ. ಆದರೆ ಮೇಲಿನ ತಟ್ಟೆಯ ತಳ ಕೆಳಗಿನ ಗೊಬ್ಬರಕ್ಕೆ ತಾಗಿದ್ದರೆ ಮಾತ್ರ ಇದು ಸಾಧ್ಯ. ಗೊಬ್ಬರ ಮಾಗುತ್ತಾ ಕುಸಿದು ನಡುವೆ ತೆರಪು ಉಂಟಾದರೆ ಹುಳುಗಳು ಕೆಳಗೇ ಉಳಿದುಬಿಡುತ್ತವೆ. ಇಷ್ಟು ಮುಖ್ಯವಾದ ವಿಷಯವನ್ನು ಕೈಪಿಡಿ ಹೇಳುವುದೇ ಇಲ್ಲ.

ಮೊದಲ ದಿನವೇ ತಟ್ಟೆಯ ತುಂಬ ಸಿಪ್ಪೆ ಹಾಕಬಹುದೆಂಬ ಕೈಪಿಡಿಯ ಸಲಹೆಯಂತೂ ಹಾನಿಕರ. ಹುಳುಗಳು ಹಸಿ ಸಿಪ್ಪೆಯನ್ನು ನೇರವಾಗಿ ತಿನ್ನುವುದಿಲ್ಲ; ಸೂಕ್ಷ್ಮಜೀವಿಗಳು ಅದನ್ನು ಮೆತ್ತಗಾಗಿಸಿದ ಮೇಲೆ ಆ ಜೀವಿಗಳ ಸಮೇತ ತಿನ್ನುತ್ತವೆ. ಒಮ್ಮೆಲೇ ತುಂಬಿದ ತ್ಯಾಜ್ಯ ಹುಳಿಯೇರಿ ಬಿಸಿಯಾಗುತ್ತದೆ, ಹುಳುಗಳು ಮುಚ್ಚಳದತ್ತ ಓಡುತ್ತವೆ. ಜೊತೆಗೆ ಕೊಟ್ಟಿರುವ ತೆಂಗಿನ ನಾರಿನ ಇಟ್ಟಿಗೆಯೊಂದೇ ಹಾಸಿಗೆಗೆ, ಅಂದರೆ ಹುಳುಗಳು ವಾಸಿಸುವ ಮೆತ್ತನೆಯ ಪದರಕ್ಕೆ, ಸಾಲದು. ಹರಿದ ರಟ್ಟನ್ನು ಧಾರಾಳವಾಗಿ ಬೆರೆಸಿ, ಹಿಂಡಿದರೆ ಒಂದೆರಡು ಹನಿ ಮಾತ್ರ ಬೀಳುವಷ್ಟು ತೇವ ಮಾಡಿ, ಒಂದು ಹಿಡಿ ಹಳೆಯ ಗೊಬ್ಬರ ಸೇರಿಸಿ ಕೆಲವು ದಿನ ಹಾಗೆಯೇ ಬಿಡಬೇಕು. ಅರ್ಧ ಕಿಲೋ ಹುಳುಗಳಿಂದ ಆರಂಭಿಸಿದರೆ, ಅವು ಹೊಂದಿಕೊಂಡ ಮೇಲೆ ದಿನಕ್ಕೆ ಸುಮಾರು 250 ಗ್ರಾಂ ತ್ಯಾಜ್ಯವನ್ನು ಅರಗಿಸಬಲ್ಲವು. ಆರಂಭದಲ್ಲಿ ಅದಕ್ಕಿಂತ ಬಹಳ ಕಡಿಮೆ ಕೊಡಬೇಕು.

ನಲ್ಲಿಯಿಂದ ಬರುವ ದ್ರವವನ್ನು ಗಿಡಗಳ ಪೌಷ್ಟಿಕ ಪಾನೀಯವೆಂದು ವರ್ಣಿಸಿರುವುದನ್ನೂ ನಾನು ಒಪ್ಪುವುದಿಲ್ಲ. ಅದು ಪೂರ್ಣವಾಗಿ ಕೊಳೆಯದ ತ್ಯಾಜ್ಯದಿಂದ ಬಸಿದ ನೀರು. ಅದು ಹೆಚ್ಚಾಗಿ ಬಂದರೆ ಪೆಟ್ಟಿಗೆಯಲ್ಲಿ ತೇವ ಮಿತಿಮೀರಿದೆ ಎಂದರ್ಥ. ಒಣ ರಟ್ಟು ಸೇರಿಸುವುದೇ ಅದಕ್ಕೆ ಪರಿಹಾರ.

ಆಹಾರವನ್ನು ಹಾಸಿಗೆಯಡಿ ಹೂತಿಟ್ಟರೆ ವಾಸನೆಯಿಲ್ಲ, ಹಣ್ಣುನೊಣಗಳ ಕಾಟವೂ ಅಪರೂಪ. ಪೆಟ್ಟಿಗೆಯನ್ನು 15ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಿರುವ, ಬಿಸಿಲು ಬೀಳದ, ಕಂಪನವಿಲ್ಲದ ಮೂಲೆಯಲ್ಲಿ ಇಡುವುದು ಒಳ್ಳೆಯದು.

ಒಬ್ಬಿಬ್ಬರ ತರಕಾರಿ ಸಿಪ್ಪೆಗೆ ಈ ಪೆಟ್ಟಿಗೆಯನ್ನು ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ದೊಡ್ಡ ಕುಟುಂಬದವರು ಮಾತ್ರ ಹೆಚ್ಚುವರಿ ತಟ್ಟೆಗಳನ್ನು ಕೊಳ್ಳುವ ಮೊದಲು ಯೋಚಿಸಬೇಕು: ಹುಳುಗಳು ಮೇಲ್ಪದರದಲ್ಲೇ ಮೇಯುವುದರಿಂದ ಎತ್ತರ ಹೆಚ್ಚಿದಷ್ಟಕ್ಕೆ ಸಾಮರ್ಥ್ಯ ಹೆಚ್ಚುವುದಿಲ್ಲ. ಅಂಥವರಿಗೆ ಇದಕ್ಕಿಂತ ಅಗಲವಾದ ಪೆಟ್ಟಿಗೆಯೇ ತಕ್ಕದ್ದು.