ಮುಖದ ಇಸುಬಿಗೆ ಒಂದು ಕ್ಲೆನ್ಸರ್, ಒಂದು ಕ್ರೀಮ್, ಒಂದು ಡಬ್ಬಿ ಜೆಲ್ಲಿ

ಚಿಕ್ಕಂದಿನಲ್ಲಿ ಮೊಣಕೈ ಮಡಿಕೆಯಲ್ಲಿ ಮತ್ತು ಮಂಡಿಯ ಹಿಂದೆ ಮಾತ್ರ ಕಾಣಿಸಿಕೊಳ್ಳುತ್ತಿದ್ದ ನನ್ನ ಇಸುಬು (ಎಕ್ಜಿಮಾ), ದೊಡ್ಡವಳಾದ ಮೇಲೆ ಮುಖಕ್ಕೂ ಬಂತು. ರೆಪ್ಪೆಯ ಮೇಲೆ, ಮೂಗಿನ ಪಕ್ಕದಲ್ಲಿ, ತುಟಿಯ ಸುತ್ತ ಚರ್ಮ ಕೆಂಪಾಗಿ, ಹೊಟ್ಟೆದ್ದು, ರಾತ್ರಿಯೆಲ್ಲ ನವೆಯಾಗುವುದು ಏನೆಂದು ಅನುಭವಿಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಳೆದ ಎರಡು ಚಳಿಗಾಲಗಳಲ್ಲಿ ನನ್ನ ಮುಖ ಸಹಿಸಿಕೊಂಡ, ಈಗಲೂ ನಾನು ಕೈಬಿಡದ ಮೂರು ವಸ್ತುಗಳ ಬಗ್ಗೆ ಇಲ್ಲಿ ಬರೆದಿದ್ದೇನೆ. ಅವುಗಳನ್ನು ಆರಿಸಿಕೊಂಡ ಬಗೆಯನ್ನೂ ಹೇಳಬೇಕು, ಏಕೆಂದರೆ ಡಬ್ಬಿಯ ಮುಂಭಾಗದ ಮಾತನ್ನು ನಂಬಿ ಕೊಂಡಾಗಲೆಲ್ಲ ನಾನು ಮೋಸಹೋಗಿದ್ದೇನೆ.

ಅಂಥ ಒಂದು ಕ್ರೀಮಿನ ಮುಂಭಾಗದಲ್ಲಿ ‘ಸೂಕ್ಷ್ಮ ಚರ್ಮಕ್ಕೆ’, ‘ಸಂಪೂರ್ಣ ನೈಸರ್ಗಿಕ’ ಎಂದು ದೊಡ್ಡದಾಗಿ ಬರೆದಿತ್ತು. ಮೂರನೆಯ ಬೆಳಿಗ್ಗೆ ನನ್ನ ರೆಪ್ಪೆಗಳು ಊದಿಕೊಂಡು ಕಣ್ಣು ಅರ್ಧ ಮಾತ್ರ ತೆರೆಯುತ್ತಿತ್ತು. ಆಗ ಡಬ್ಬಿಯನ್ನು ತಿರುಗಿಸಿ, ಕಣ್ಣಿಗೆ ಹತ್ತಿರ ಹಿಡಿದು, ಸಣ್ಣ ಅಕ್ಷರಗಳನ್ನು ಮೊದಲ ಬಾರಿಗೆ ಓದಿದೆ: ಲ್ಯಾವೆಂಡರ್ ಎಣ್ಣೆ, ಲಿನಲೂಲ್, ಲಿಮೊನೀನ್. ಈ ಪರಿಮಳದ ಅಂಶಗಳು ಗಾಳಿಗೆ ಒಡ್ಡಿಕೊಂಡಂತೆ ಆಕ್ಸಿಜನ್ನಿನೊಂದಿಗೆ ಸೇರಿ ಇನ್ನಷ್ಟು ಅಲರ್ಜಿಕಾರಕವಾಗುತ್ತವೆ. ಹಾಗಾಗಿ ಮುಚ್ಚಳ ತೆಗೆದು ಹಾಕಿ ಬಹಳ ದಿನವಾದ ಡಬ್ಬಿ ಹೊಸದಕ್ಕಿಂತ ಹೆಚ್ಚು ಕಾಡಬಹುದು. ಗಿಡದಿಂದ ಬಂದದ್ದು ಎಂಬ ಕಾರಣಕ್ಕೆ ಯಾವುದೂ ಮೃದುವಾಗುವುದಿಲ್ಲ.

ಮುಂಭಾಗದ ಇನ್ನೂ ಎರಡು ಪದಗಳ ಬಗ್ಗೆ ಎಚ್ಚರ ಬೇಕು. ‘ಅನ್‌ಸೆಂಟೆಡ್’ ಎಂದರೆ ವಾಸನೆ ತಿಳಿಯುವುದಿಲ್ಲ ಎಂದಷ್ಟೇ ಅರ್ಥ. ಮೂಲ ವಾಸನೆಯನ್ನು ಮರೆಮಾಡಲು ಪರಿಮಳವನ್ನು ಸೇರಿಸಿರಲೂಬಹುದು. ನಮಗೆ ಬೇಕಾದದ್ದು ‘ಫ್ರ್ಯಾಗ್ರೆನ್ಸ್ ಫ್ರೀ’, ಅಂದರೆ ಪರಿಮಳವನ್ನೇ ಸೇರಿಸದ್ದು. ‘ಹೈಪೋಅಲರ್ಜೆನಿಕ್’ (ಅಲರ್ಜಿ ತರುವ ಸಂಭವ ಕಡಿಮೆ) ಎಂಬ ಪದಕ್ಕೆ ಅಮೆರಿಕದ ಕೇಂದ್ರ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ, ತಯಾರಕರು ಹೇಳಿದ್ದೇ ಅದರ ಅರ್ಥ.

ಮೊದಲನೆಯ ವಸ್ತು ಸೆಟಾಫಿಲ್ ಜೆಂಟಲ್ ಸ್ಕಿನ್ ಕ್ಲೆನ್ಸರ್. 1947ರಿಂದ ಇರುವ ಹೆಸರು ಇದು. ಸಾಮಾನ್ಯ ಸೋಪಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 9ರಿಂದ 10ರಷ್ಟಿದ್ದರೆ, ಆರೋಗ್ಯವಂತ ಚರ್ಮದ ಮೇಲ್ಮೈ ಸುಮಾರು 5ರ ಆಸುಪಾಸಿನಲ್ಲಿ, ಅಂದರೆ ತುಸು ಆಮ್ಲೀಯವಾಗಿರುತ್ತದೆ. ಸೋಪು ಹಚ್ಚಿದಾಗಲೆಲ್ಲ ಆ ಆಮ್ಲೀಯತೆ ಕೆಡುತ್ತದೆ, ಚರ್ಮದ ಕೊಬ್ಬಿನಂಶ ತೊಳೆದುಹೋಗುತ್ತದೆ, ಮುಖ ಬಿಗಿದುಕೊಳ್ಳುತ್ತದೆ. ಸೋಪಲ್ಲದ ಈ ದ್ರವವು ನೊರೆಯನ್ನು ಅಷ್ಟಾಗಿ ಕೊಡುವುದಿಲ್ಲ, ಹಾಗಾಗಿ ಮೊದಲ ವಾರ ಮುಖ ತೊಳೆದಂತೆಯೇ ಅನ್ನಿಸಿರಲಿಲ್ಲ. ಹಳೆಯ ಸೂತ್ರದಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ಶುಚಿಕಾರಕ ಇತ್ತು. ಹೊಸ ಸೂತ್ರದಲ್ಲಿ ಅದರ ಬದಲು ಸೌಮ್ಯವಾದ ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್ ಮತ್ತು ಗ್ಲಿಸರಿನ್ ಇವೆ. ಪರಿಚಿತ ಹೆಸರೆಂದು ಸುಮ್ಮನಾಗದೆ ಪ್ರತಿ ಬಾಟಲಿಯ ಪಟ್ಟಿಯನ್ನೂ ಓದುವುದು ಒಳ್ಳೆಯದು. ಉಗುರುಬೆಚ್ಚಗಿನ ನೀರಿನಲ್ಲಿ ಬೆರಳ ತುದಿಯಿಂದಷ್ಟೇ ಸವರಿ ತೊಳೆದು, ಟವೆಲಿನಿಂದ ಉಜ್ಜದೆ ಒತ್ತಿಕೊಳ್ಳುತ್ತೇನೆ. ದಪ್ಪ ಸನ್‌ಸ್ಕ್ರೀನ್ ಹಚ್ಚಿದ ದಿನ ಇಂಥ ಮೃದು ಕ್ಲೆನ್ಸರ್‌ಗಳಿಂದ ಎರಡು ಸಲ ತೊಳೆಯಬೇಕಾಗುತ್ತದೆ. ಬೆಳಿಗ್ಗೆ ಬರಿಯ ನೀರೇ ಸಾಕು.

ಎರಡನೆಯದು, ನನ್ನ ಪಾಲಿಗೆ ಮೂರರಲ್ಲಿ ಮುಖ್ಯವಾದದ್ದು, ಸೆರಾವೆ ಮಾಯಿಶ್ಚರೈಸಿಂಗ್ ಕ್ರೀಮ್. ಚರ್ಮದ ಮೇಲ್ಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸುವುದುಂಟು: ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು ಗಾರೆ. ಎಕ್ಜಿಮಾ ಇರುವವರ ಗೋಡೆಯಲ್ಲಿ ಈ ಗಾರೆಯೇ ಕಡಿಮೆ. ಅದರ ಜೊತೆಗೆ, ಈ ಗೋಡೆಗೆ ಬೇಕಾದ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ದೋಷವಿದ್ದರೆ ಎಕ್ಜಿಮಾ ಬರುವ ಸಂಭವ ಹೆಚ್ಚೆಂಬುದು 2006ರಲ್ಲಿ ಗೊತ್ತಾಯಿತು. ಗೋಡೆ ಹೀಗೆ ಸಡಿಲವಾದಾಗ ಒಳಗಿನ ನೀರು ಹೊರಗೆ ಸೋರುತ್ತದೆ, ಹೊರಗಿನ ಧೂಳು, ಸೋಪು, ಪರಿಮಳ ಒಳಗೆ ನುಗ್ಗುತ್ತವೆ. ಈ ಕ್ರೀಮಿನಲ್ಲಿ ಮೂರು ಬಗೆಯ ಸೆರಮೈಡ್‌ಗಳು, ಕೊಲೆಸ್ಟರಾಲ್, ನೀರನ್ನು ಹಿಡಿದಿಡುವ ಗ್ಲಿಸರಿನ್, ಮೇಲೆ ಮುಚ್ಚುವ ಪೆಟ್ರೋಲೇಟಮ್ ಇವೆ, ಪರಿಮಳವಿಲ್ಲ. ಮುಖ ಒತ್ತಿಕೊಂಡು ಇನ್ನೂ ತೇವವಿರುವಾಗಲೇ, ಎರಡು ಮೂರು ನಿಮಿಷದೊಳಗೆ ಹಚ್ಚಿದರೆ ಮಧ್ಯಾಹ್ನದವರೆಗೆ ಕೆನ್ನೆ ಮೆತ್ತಗಿರುತ್ತದೆ. ಒಣಗಿದ ಮೇಲೆ ಹಚ್ಚಿದ ದಿನ ಎರಡು ಗಂಟೆಯಲ್ಲೇ ಮೂಗಿನ ಪಕ್ಕ ಮತ್ತೆ ಬಿರಿಯುತ್ತದೆ. ಇಸುಬು ಕೆರಳಿದಾಗ ಎಂಥ ಒಳ್ಳೆಯ ಕ್ರೀಮೂ ಅರೆಕ್ಷಣ ಚುರುಗುಟ್ಟಬಹುದು. ಆ ಉರಿ ಬೇಗ ಇಳಿದರೆ ಚಿಂತೆಯಿಲ್ಲ. ಇಳಿಯದೆ ಕೆಂಪು ಹರಡಿದರೆ ತೊಳೆದು ಬಿಡಬೇಕು. ಅಗಲ ಬಾಯಿಯ ಡಬ್ಬಿಗೆ ಬೆರಳು ಹಾಕದೆ ಶುಚಿಯಾದ ಚಮಚದಿಂದ ತೆಗೆದುಕೊಳ್ಳುವ ಅಭ್ಯಾಸವನ್ನು ನಾನು ತಪ್ಪಿಸುವುದಿಲ್ಲ.

ಮೂರನೆಯದು ಸಾದಾ ಪೆಟ್ರೋಲಿಯಂ ಜೆಲ್ಲಿ. ರಾಬರ್ಟ್ ಚೀಸ್‌ಬ್ರೋ 1872ರಲ್ಲಿ ಪೇಟೆಂಟ್ ಪಡೆದ ವ್ಯಾಸಲೀನ್, ಇಷ್ಟು ವರ್ಷಗಳ ನಂತರವೂ ಚರ್ಮದ ನೀರಿನ ಸೋರಿಕೆಯನ್ನು ತಡೆಯುವುದರಲ್ಲಿ ಮುಂಚೂಣಿಯಲ್ಲಿದೆ. ಇದರಲ್ಲಿ ನೀರಿಲ್ಲ; ನೀರಿಲ್ಲದ ಕಡೆ ಸೂಕ್ಷ್ಮಾಣುಗಳು ಬೆಳೆಯುವುದಿಲ್ಲವಾದ್ದರಿಂದ, ಕೆಡದಂತೆ ಕಾಯುವ ಪ್ರಿಸರ್ವೇಟಿವ್ ಬೇಕಿಲ್ಲ; ಹೀಗೆ ಅಲರ್ಜಿಗೆ ದಾರಿಯಾಗುವ ಒಂದು ದೊಡ್ಡ ಗುಂಪೇ ಇಲ್ಲಿ ತಪ್ಪುತ್ತದೆ. ಆದರೆ ಚರ್ಮಕ್ಕೆ ತಾನಾಗಿ ನೀರು ಕೊಡುವ ಶಕ್ತಿ ಇದಕ್ಕಿಲ್ಲ, ಇದ್ದುದನ್ನು ಉಳಿಸುತ್ತದೆ ಅಷ್ಟೇ. ಕ್ರೀಮಿನ ಮೇಲೆ ಹಚ್ಚಿದರೆ ಮಾತ್ರ ಪೂರ್ತಿ ಪ್ರಯೋಜನ. ರಾತ್ರಿ ಮಲಗುವಾಗ ಬೆಂಕಿಕಡ್ಡಿಯ ತಲೆಯಷ್ಟನ್ನು ತೆಗೆದುಕೊಂಡು ತುಟಿಯ ಸುತ್ತ ಸವರುತ್ತೇನೆ. ಎಂಜಲು ತಾಗಿ ಅಲ್ಲಿ ಉರಿಯುತ್ತಿದ್ದುದು ಇದರಿಂದಲೇ ನಿಂತಿತು.

ಪ್ರಿಸರ್ವೇಟಿವ್ ವಿಷಯ ಬಂದುದರಿಂದ ಒಂದು ಮಾತು. ‘ಪ್ಯಾರಬೆನ್ ಇಲ್ಲ’ ಎಂಬ ಸಾಲು ಕಂಡರೆ ಸಮಾಧಾನಪಡುವವರು ಅನೇಕರಿದ್ದಾರೆ. ಆದರೆ ಚರ್ಮಕ್ಕೆ ಅಲರ್ಜಿ ತರುವ ವಿಷಯದಲ್ಲಿ ಪ್ಯಾರಬೆನ್‌ಗಳು ಬಹುಮಟ್ಟಿಗೆ ನಿರಪಾಯಕಾರಿ ಎಂದು ಸಾರಲು ಅಮೆರಿಕನ್ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2019ರಲ್ಲಿ ಅವನ್ನು ವರ್ಷದ ‘ಅಲರ್ಜಿಕಾರಕವಲ್ಲದ’ ವಸ್ತು ಎಂದು ಹೆಸರಿಸಿತು. ಅದೇ ಸಂಸ್ಥೆ 2013ರಲ್ಲಿ ವರ್ಷದ ಅಲರ್ಜಿಕಾರಕವೆಂದು ಆರಿಸಿದ್ದು ಮೀಥೈಲ್‌ಐಸೋಥಯಜೋಲಿನೋನ್ ಎಂಬ ಇನ್ನೊಂದು ಪ್ರಿಸರ್ವೇಟಿವ್ ಅನ್ನು. ತೊಳೆಯದೆ ಚರ್ಮದ ಮೇಲೆಯೇ ಬಿಡುವ ಸೌಂದರ್ಯವರ್ಧಕಗಳಲ್ಲಿ ಅದನ್ನು ಬಳಸುವುದನ್ನು ಐರೋಪ್ಯ ಒಕ್ಕೂಟ 2017ರಲ್ಲಿ ನಿಷೇಧಿಸಿತು. ನಾನು ಪಟ್ಟಿಯಲ್ಲಿ ಮೊದಲು ಹುಡುಕುವ ಹೆಸರು ಈಗ ಇದೇ.

ಯಾವುದೇ ಹೊಸ ವಸ್ತುವನ್ನು ನೇರವಾಗಿ ಮುಖಕ್ಕೆ ಹಚ್ಚುವುದಿಲ್ಲ. ಮೊಣಕೈ ಮಡಿಕೆಯ ಒಳಭಾಗದಲ್ಲಿ, ನಾಣ್ಯದಷ್ಟು ಜಾಗದಲ್ಲಿ, ದಿನಕ್ಕೆ ಎರಡು ಸಲದಂತೆ ಏಳರಿಂದ ಹತ್ತು ದಿನ ಹಚ್ಚಿ ನೋಡುತ್ತೇನೆ. ಅಲರ್ಜಿ ತಲೆಯೆತ್ತಲು ದಿನಗಳೇ ಹಿಡಿಯುತ್ತವೆಯಾದ್ದರಿಂದ ಒಂದು ರಾತ್ರಿಯ ಪರೀಕ್ಷೆ ಸಾಲದು. ಒಂದು ಸಲಕ್ಕೆ ಒಂದೇ ವಸ್ತು. ಎರಡನ್ನು ಒಟ್ಟಿಗೆ ಶುರು ಮಾಡಿದರೆ ತಪ್ಪಿತಸ್ಥ ಯಾವುದೆಂದು ಪತ್ತೆಯಾಗುವುದಿಲ್ಲ.

ಈ ಮೂರೂ ಚರ್ಮವನ್ನು ಕಾಯುತ್ತವೆ, ಕೆರಳಿದ ಇಸುಬನ್ನು ಇಳಿಸುವ ಔಷಧಗಳಲ್ಲ. ಮುಖದ ಚರ್ಮ, ಅದರಲ್ಲೂ ರೆಪ್ಪೆಯದು, ತೀರ ತೆಳು. ಅಲ್ಲಿ ಸ್ಟೀರಾಯ್ಡ್ ಮುಲಾಮನ್ನು ವೈದ್ಯರು ಹೇಳಿದ ಪ್ರಮಾಣ ಮತ್ತು ಅವಧಿ ಮೀರಿ ಹಚ್ಚಿದರೆ ಚರ್ಮ ಇನ್ನೂ ತೆಳುವಾಗುತ್ತದೆ, ಬಾಯಿಯ ಸುತ್ತ ಬೇರೆಯದೇ ಗುಳ್ಳೆಗಳು ಏಳುತ್ತವೆ. ಹಾಗೆಂದು ಹೆದರಿ ವೈದ್ಯರು ಬರೆದುಕೊಟ್ಟದ್ದನ್ನು ಹಚ್ಚದೆ ನರಳುವುದೂ ಸಲ್ಲದು. ಜೇನುಬಣ್ಣದ ಹೆಕ್ಕಳೆ ಕಟ್ಟಿದರೆ ಸೋಂಕು ಸೇರಿರಬಹುದು, ತೋರಿಸಬೇಕು. ಜ್ವರದೊಂದಿಗೆ ನೋಯುವ ಸಣ್ಣ ನೀರುಗುಳ್ಳೆಗಳು ಗುಂಪಾಗಿ ಎದ್ದರೆ ಅದು ಹರ್ಪಿಸ್ ಎಂಬ ವೈರಸ್ ಸೋಂಕು ಇರಬಹುದು. ಅದೇ ದಿನ ವೈದ್ಯರ ಬಳಿ ಹೋಗಬೇಕು.

ನನಗೆ ಇನ್ನೂ ಒಗ್ಗುವ ಸನ್‌ಸ್ಕ್ರೀನ್ ಮಾತ್ರ ಸಿಕ್ಕಿಲ್ಲ. ಜಿಂಕ್ ಆಕ್ಸೈಡ್ ಇರುವವು ಕಣ್ಣಿನ ಸುತ್ತ ಉರಿಯುವುದಿಲ್ಲ, ಆದರೆ ಮುಖದ ಮೇಲೆ ಬೂದಿ ಬಳಿದಂತೆ ಬೆಳ್ಳಗೆ ಉಳಿಯುತ್ತವೆ. ಸದ್ಯ ಅಂಥದೊಂದರ ಪರೀಕ್ಷೆ ಮೊಣಕೈಯಲ್ಲಿ ನಡೆದಿದೆ, ಇಂದಿಗೆ ಐದನೆಯ ದಿನ. ಚರ್ಮ ಇನ್ನೂ ಕೆಂಪಾಗಿಲ್ಲ.