ಹಳೆ ಮಹೀಂದ್ರ ಜೀಪಿಗೆ ಬೊಲೆರೊ ಪವರ್ ಸ್ಟೇರಿಂಗ್: ಬಾಕ್ಸ್ ಚೆನ್ನಾಗಿದೆ, ಕೂರಿಸುವ ಕೆಲಸ ನೋಡಿ ಒಪ್ಪಿಸಿ

ಕಾಸರಗೋಡು ಜಿಲ್ಲೆಯ ಪಾಣತ್ತೂರು, ಬಂದಡ್ಕ, ದೇಲಂಪಾಡಿ ಕಡೆಯ ತೋಟಗಳಿಗೆ ಈಗಲೂ ಗೊಬ್ಬರ ಹೊತ್ತು ಹತ್ತುವುದು, ಅಡಿಕೆ ಮೂಟೆ ಹೇರಿಕೊಂಡು ಇಳಿಯುವುದು ಹಳೆಯ ಎಂಎಂ 540, ಮೇಜರ್, ಕಮಾಂಡರ್ ಜೀಪುಗಳೇ. ಈ ಗಾಡಿಗಳ ಮ್ಯಾನ್ಯುಯಲ್ ಸ್ಟೇರಿಂಗ್ 6.00-16ರ ಸಪೂರ ಟಯರಿಗೆ ಸಾಕಾಗುತ್ತಿತ್ತು. ಈಗ ಹೆಚ್ಚಿನವರು 235/75 ಆರ್15 ಹಾಕಿಸಿಕೊಂಡಿದ್ದಾರೆ. ಕೆಸರಿನಲ್ಲಿ ಹಿಡಿತವೇನೋ ಸಿಗುತ್ತದೆ, ಆದರೆ ಮುರಕಲ್ಲಿನ ಚಡವಿನ ತಿರುವಿನಲ್ಲಿ ನಿಂತಲ್ಲೇ ಫುಲ್ ಕಟ್ ಮಾಡಲು, ಅಂದರೆ ಸ್ಟೇರಿಂಗನ್ನು ತುದಿವರೆಗೆ ತಿರುಗಿಸಲು ಹೋದರೆ ಭುಜ ಸೋಲುತ್ತದೆ. ಹಾಗಾಗಿ ಕಾಸರಗೋಡಿನಿಂದ ಸುಳ್ಯ, ಪುತ್ತೂರುವರೆಗಿನ ವರ್ಕ್‌ಶಾಪುಗಳಲ್ಲಿ ಬೊಲೆರೊದ ಪವರ್ ಸ್ಟೇರಿಂಗ್ ಬಾಕ್ಸನ್ನು ಹಳೆ ಜೀಪಿಗೆ ಕೂರಿಸುವ ಕೆಲಸಕ್ಕೆ ಬೇಡಿಕೆ ಇದೆ.

ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ಮಾಡಿಸಬಹುದು, ಗುಡ್ಡೆ ದಾರಿಯ ಗಾಡಿಗೆ ಮಾಡಿಸಲೇಬೇಕಾದ ಕೆಲಸ. ಆದರೆ ಈ ಕೆಲಸ ನಿಲ್ಲುವುದೂ ಕೆಡುವುದೂ ಪಂಪಿನಲ್ಲಲ್ಲ, ಚಾಸಿಗೆ ಹೊಡೆಯುವ ಪ್ಲೇಟಿನಲ್ಲಿ ಮತ್ತು ಡ್ರ್ಯಾಗ್ ಲಿಂಕ್ (ಬಾಕ್ಸಿನ ಚಲನೆಯನ್ನು ಚಕ್ರದ ಕಡೆಗೆ ಒಯ್ಯುವ ಸಲಾಕೆ) ಕೂರುವ ಕೋನದಲ್ಲಿ. ಈ ಎರಡಕ್ಕೇ ವರ್ಕ್‌ಶಾಪುಗಳು ಕಡಿಮೆ ಸಮಯ ಕೊಡುತ್ತವೆ.

ಮೊದಲು ಎಂಜಿನ್ ಯಾವುದು ನೋಡಿ. 2523 ಸಿಸಿಯ ಎಂಡಿಐ ಇರುವ ಕಮಾಂಡರ್, ಮೇಜರ್ ಆದರೆ ಅರ್ಧ ಕೆಲಸ ಸಲೀಸು. ಹಳೆ ಬೊಲೆರೊದಲ್ಲೂ ಅದೇ ಎಂಜಿನ್ ವಂಶ, ಆದ್ದರಿಂದ ಪಂಪ್, ಬ್ರ್ಯಾಕೆಟ್, ಪುಲ್ಲಿ ಮೂರನ್ನೂ ಒಂದೇ ಗಾಡಿಯಿಂದ ಬಿಚ್ಚಿದ್ದನ್ನು ಕೇಳಿ ತರಬಹುದು. 2112 ಸಿಸಿಯ ಪೂಜೋ ಎಂಜಿನ್ ಇರುವ ಎಂಎಂ 540ಕ್ಕೆ ಬ್ರ್ಯಾಕೆಟನ್ನು ಲೇತ್‌ನವರ ಹತ್ತಿರ ಮಾಡಿಸಬೇಕು. ಅದಕ್ಕೆ 8 ಮಿಮೀ ಪ್ಲೇಟಿಗಿಂತ ತೆಳ್ಳಗಿನದು ಬೇಡ, ಡೀಸೆಲ್ ಎಂಜಿನ್ನಿನ ನಡುಕಕ್ಕೆ ಬಿರುಕು ಬಿಡುತ್ತದೆ. ಪುಲ್ಲಿಗಳು ಒಂದೇ ಗೆರೆಯಲ್ಲಿವೆಯೇ ಎಂದು ಉದ್ದದ ಸ್ಕೇಲ್ ಇಟ್ಟು ನೋಡಬೇಕು. 1.5 ಮಿಮೀಗಿಂತ ಹೆಚ್ಚು ತಪ್ಪಿದರೆ ಬೆಲ್ಟ್ ಅಂಚು ಸವೆದು ಉದುರುತ್ತದೆ. ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಬೆಲ್ಟ್ 10–12 ಮಿಮೀ ತಗ್ಗಬೇಕು.

ಆಲ್ಟರ್ನೇಟರ್ ತಿರುಗಿಸುವ ಬೆಲ್ಟಿಗೇ ಪಂಪನ್ನೂ ಜೋಡಿಸಿ ಕೊಡುವವರಿದ್ದಾರೆ. ಬ್ರೇಕಿನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇರುವ ಗಾಡಿಯಲ್ಲಿ ಇದನ್ನು ಒಪ್ಪಬೇಡಿ. ಫುಲ್ ಕಟ್‌ನಲ್ಲಿ ಬೆಲ್ಟ್ ಜಾರಿದರೆ ಬ್ರೇಕ್ ಬೂಸ್ಟರಿನ ಬಲವೂ ಕುಗ್ಗುತ್ತದೆ, ತುಂಡಾದರೆ ಎರಡೂ ಒಟ್ಟಿಗೇ ಕೈಕೊಡುತ್ತವೆ. ಕ್ರ್ಯಾಂಕಿಗೆ ಎರಡು ಗ್ರೂವಿನ ಪುಲ್ಲಿ ಹಾಕಿಸಿ ಪಂಪಿಗೆ ಬೇರೆ ಬೆಲ್ಟ್ ಕೊಡಿಸಿ.

ಬಾಕ್ಸ್ ಹೊಸದು ಸಿಕ್ಕಿದರೆ ಹೊಸದೇ ಒಳ್ಳೆಯದು. ಕೊಯಮತ್ತೂರಿನ ಉಕ್ಕಡಂ, ಬೆಂಗಳೂರಿನ ಶಿವಾಜಿನಗರದಂಥ ಕಡೆ ಗುಜರಿಯಿಂದ ತರುವವರು ಅಂಗಡಿಯಲ್ಲೇ ಒಂದಿಷ್ಟು ಪರೀಕ್ಷೆ ಮಾಡಬೇಕು. ಪೈಪಿನ ಬಾಯಿ ತೆರೆದಿಟ್ಟು ಮೇಲಿನ ಶಾಫ್ಟನ್ನು ಕೈಯಲ್ಲಿ ಎರಡೂ ತುದಿವರೆಗೆ ತಿರುಗಿಸಿ, ಎಲ್ಲೂ ತಡೆದು ಜಿಗಿಯಬಾರದು. ಡ್ರಾಪ್ ಆರ್ಮ್ (ಬಾಕ್ಸಿನಿಂದ ಡ್ರ್ಯಾಗ್ ಲಿಂಕನ್ನು ದೂಡುವ ತೋಳು) ಕೂರುವ ಶಾಫ್ಟನ್ನು ಅಡ್ಡಡ್ಡ ಅಲುಗಿಸಿದಾಗ ಟಕ್ ಎಂದರೆ ಒಳಗಿನ ಬೇರಿಂಗ್ ಮುಗಿದಿದೆ. ಸೀಲ್ ಓಡುವ ಜಾಗದಲ್ಲಿ ಉಗುರು ಎಳೆದು ನೋಡಿ. ತುಕ್ಕಿನ ಗುಳಿ ಉಗುರಿಗೆ ತಾಗಿದರೆ ಹೊಸ ಸೀಲ್ ಹಾಕಿದರೂ ಎಣ್ಣೆ ಸೋರುವುದು ನಿಲ್ಲುವುದಿಲ್ಲ. ಒಳಗಿನ ಎಣ್ಣೆ ಸುಟ್ಟ ವಾಸನೆ ಬಂದರೆ, ಲೋಹದ ಮಿನುಗು ಕಂಡರೆ ಬಿಟ್ಟು ಬನ್ನಿ. ಬಾಕ್ಸ್ ಜತೆ ಅದೇ ಗಾಡಿಯ ಡ್ರಾಪ್ ಆರ್ಮ್ ಮತ್ತು ಮಧ್ಯದ ಶಾಫ್ಟ್ ಕೂಡ ಕೇಳಿ ತೆಗೆದುಕೊಳ್ಳಿ, ಸ್ಪ್ಲೈನ್ (ಶಾಫ್ಟಿನ ಮೇಲಿನ ಹಲ್ಲು) ಹೊಂದಿಸುವ ತಲೆನೋವು ತಪ್ಪುತ್ತದೆ. ಡ್ರಾಪ್ ಆರ್ಮನ್ನು ಪುಲ್ಲರ್ ಹಾಕಿಯೇ ಬಿಚ್ಚಿಸಿ. ಸುತ್ತಿಗೆ ಏಟು ಬಿದ್ದ ಬಾಕ್ಸಿನಲ್ಲಿ ಗುಂಡುಗಳು ಓಡುವ ಹಾದಿಗೆ ಗಾಯವಾಗಿರುತ್ತದೆ, ಹೊರಗಿನಿಂದ ಅದು ಕಾಣುವುದಿಲ್ಲ.

ಇನ್ನು ಚಾಸಿ. ಮ್ಯಾನ್ಯುಯಲ್ ಬಾಕ್ಸ್ ಇದ್ದಾಗ ಚಾಸಿಯ ಮೇಲೆ ಬೀಳುತ್ತಿದ್ದುದು ಚಾಲಕನ ಕೈಬಲದಷ್ಟು ಭಾರ. ಪವರ್ ಬಂದ ಮೇಲೆ ಕಲ್ಲಿಗೆ ಆತು ನಿಂತ ಚಕ್ರವನ್ನೂ ಪಂಪ್ ತಿರುಗಿಸಲು ನೋಡುತ್ತದೆ. ಆ ಒತ್ತಡವೆಲ್ಲ ಬಾಕ್ಸಿನ ಬೋಲ್ಟುಗಳ ಮೂಲಕ ಚಾಸಿಗೆ ಬರುತ್ತದೆ. ವರ್ಷಕ್ಕೆ 3000 ಮಿಮೀಗೂ ಹೆಚ್ಚು ಮಳೆ ಬೀಳುವ ನಮ್ಮ ಊರಿನಲ್ಲಿ ಇಷ್ಟು ಹಳೆಯ ಚಾಸಿಯ ಮುಂಭಾಗ ಒಳಗಿನಿಂದ ತಿಂದುಹೋಗಿರುವುದೇ ಹೆಚ್ಚು. ಬಣ್ಣ ಕೆರೆದು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಲೋಹ ಟಣ್ ಎನ್ನುತ್ತದೆ, ಸತ್ತ ಲೋಹದ ಸದ್ದು ಮಂದವಾಗಿರುತ್ತದೆ. ಅಲ್ಲಿ ಮೊದಲು ಹಳತನ್ನು ಕತ್ತರಿಸಿ ಹೊಸ ಲೋಹ ಸೇರಿಸಬೇಕು, ಬಾಕ್ಸಿನ ಮಾತು ಆಮೇಲೆ.

ಸರಿಯಾದ ಕೆಲಸ ಹೀಗಿರುತ್ತದೆ: ಬಾಕ್ಸ್ ಕೂರುವ ಜಾಗಕ್ಕೆ 6 ಮಿಮೀ ಪ್ಲೇಟ್, ಬಾಕ್ಸಿಗಿಂತ ಎರಡೂ ಬದಿ ಉದ್ದಕ್ಕೆ ಹಬ್ಬಿರಬೇಕು, ತುದಿಗಳು ನೇರ ಗೆರೆಯಲ್ಲಿ ಮುಗಿಯದೆ ಓರೆಯಾಗಿರಬೇಕು. ನೇರ ತುದಿಯಲ್ಲಿ ಅಡ್ಡಕ್ಕೆ ಹೊಡೆದ ವೆಲ್ಡಿಂಗಿನ ಪಕ್ಕದಲ್ಲೇ ಚಾಸಿ ಸೀಳುತ್ತದೆ. ಪ್ರತಿ ಬೋಲ್ಟಿಗೂ ಚಾಸಿಯ ಒಳಗಿನಿಂದ ಹಾದುಹೋಗುವ ದಪ್ಪ ಗೋಡೆಯ ಪೈಪ್ ತುಂಡು ಹಾಕಿ ಎರಡೂ ಬದಿ ವೆಲ್ಡ್ ಮಾಡಬೇಕು. ಟೊಳ್ಳು ಚಾಸಿಗೆ ಪೈಪಿಲ್ಲದೆ ಬೋಲ್ಟ್ ಬಿಗಿದರೆ ತಗಡು ಒಳಕ್ಕೆ ಕುಸಿಯುತ್ತಾ ಹೋಗುತ್ತದೆ, ಬೋಲ್ಟ್ ಎಂದಿಗೂ ಬಿಗಿಯಾಗಿ ಉಳಿಯುವುದಿಲ್ಲ. ವರ್ಕ್‌ಶಾಪಿನವರು ಈ ಪೈಪನ್ನು ಬೇಡ ಎಂದರೆ ಗಾಡಿ ವಾಪಸು ತೆಗೆದುಕೊಂಡು ಬನ್ನಿ. ಬೋಲ್ಟ್ 10.9 ದರ್ಜೆಯದ್ದು, ಎಂ12 ಆದರೆ 110ರಿಂದ 120 ನ್ಯೂಟನ್ ಮೀಟರ್, ಟಾರ್ಕ್ ರೆಂಚಿನಲ್ಲೇ. ಎಡ–ಬಲ ಚಾಸಿಗಳನ್ನು ಬಾಕ್ಸಿನ ಹತ್ತಿರ ಒಂದು ಅಡ್ಡಪಟ್ಟಿಯಿಂದ ಬೆಸೆದರೆ ತಿರುಚುವುದು ಕಡಿಮೆಯಾಗುತ್ತದೆ. ಆರ್ಕ್ ವೆಲ್ಡಿಂಗ್ ಆದರೆ 7018 ರಾಡ್ ಒಣಗಿದ್ದೇ ಬೇಕು. ಆಟಿಯ ಮಳೆಯಲ್ಲಿ ಹೊರಗಿಟ್ಟ ರಾಡಿನಿಂದ ಚಾಸಿ ಕೆಲಸ ಮಾಡಿಸಬಾರದು. ಬ್ಯಾಟರಿ, ಆಲ್ಟರ್ನೇಟರ್ ವೈರ್ ಮೊದಲೇ ಕಳಚಿರಲಿ.

ಜಾಗ ಗುರುತಿಸುವಾಗ ಗಾಡಿ ತನ್ನ ಭಾರದಲ್ಲಿ ನೆಲದ ಮೇಲೆ ನಿಂತಿರಬೇಕು, ಜಾಕಿಯಲ್ಲಲ್ಲ. ಡ್ರ್ಯಾಗ್ ಲಿಂಕ್ ಆದಷ್ಟು ಮಟ್ಟಸವಾಗಿ ಬರಬೇಕು. ಕಮಾನಿಗೆ (ಪಟ್ಟಿ ಸ್ಪ್ರಿಂಗಿಗೆ) ಪ್ಲೇಟ್ ಏರಿಸಿ ಎತ್ತರ ಮಾಡಿದ ಜೀಪಿನಲ್ಲಿ ಅದು ಕಡಿದಾಗಿ ಇಳಿದಿದ್ದರೆ ಹೊಂಡಕ್ಕೆ ಬಿದ್ದಾಗಲೆಲ್ಲ ಸ್ಟೇರಿಂಗ್ ತಾನಾಗಿ ಎಳೆಯುತ್ತದೆ. ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಒಮ್ಮೆ ಓಡಿಸಿದರೆ ಇದು ಗೊತ್ತಾಗುತ್ತದೆ. ಬೋಲ್ಟ್ ಹಾಕುವ ಮೊದಲು ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರೆ ಡ್ರಾಪ್ ಆರ್ಮ್ ಚಕ್ರವನ್ನು ಎಡಕ್ಕೇ ದೂಡುತ್ತದೆಯೇ ಎಂದೂ ನೋಡಿ. ಬೇರೆ ಗಾಡಿಯ ಬಾಕ್ಸ್ ತಂದಾಗ ಉಲ್ಟಾ ಆಗುವ ಸಂಭವ ಇದೆ. ಬಾಲ್ ಜಾಯಿಂಟಿನ ಓರೆ ಡ್ರಾಪ್ ಆರ್ಮಿನ ತೂತಿನಲ್ಲಿ ಪೂರ್ತಿ ಕಚ್ಚಬೇಕು. ಬಣ್ಣ ಹಚ್ಚಿ ಕೂರಿಸಿ ತೆಗೆದರೆ ಸುತ್ತಲೂ ಒಂದೇ ಸಮ ಗುರುತು ಬೀಳಬೇಕು, ಸ್ಪ್ಲಿಟ್ ಪಿನ್ ಇಲ್ಲದೆ ಗಾಡಿ ಹೊರಗೆ ಬರಬಾರದು.

ಬಾಕ್ಸಿನ ನಡು ಹುಡುಕುವುದು ಸಣ್ಣ ಕೆಲಸ, ಆದರೆ ಅದನ್ನೇ ಬಿಟ್ಟುಬಿಡುತ್ತಾರೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಸುತ್ತು ಎಂದು ಎಣಿಸಿ, ಅದರ ಅರ್ಧಕ್ಕೆ ನಿಲ್ಲಿಸಿ, ಚಕ್ರ ನೇರ ಇಟ್ಟು, ಡ್ರ್ಯಾಗ್ ಲಿಂಕಿನ ಉದ್ದವನ್ನು ಅದಕ್ಕೆ ಹೊಂದಿಸಬೇಕು. ಡ್ರ್ಯಾಗ್ ಲಿಂಕ್ ಮುಟ್ಟದೆ ಸ್ಟೇರಿಂಗ್ ವೀಲನ್ನೇ ಬಿಚ್ಚಿ ನೇರ ಮಾಡಿ ಕೊಟ್ಟರೆ ಕಣ್ಣಿಗೆ ಸರಿ ಕಾಣುತ್ತದೆ, ಆದರೆ ನೇರ ರಸ್ತೆಯಲ್ಲಿ ಪ್ಲೇ (ಸ್ಟೇರಿಂಗಿನ ಸಡಿಲ) ಉಳಿಯುತ್ತದೆ. ಎಡ ತಿರುವು ಬಲ ತಿರುವು ಸಮ ಬರುವುದೂ ಇಲ್ಲ. ಚಕ್ರ ನಿಲ್ಲಿಸುವ ಸ್ಟಾಪ್ ಬೋಲ್ಟ್ ಬಾಕ್ಸಿನ ತುದಿಗಿಂತ ಸ್ವಲ್ಪ ಮೊದಲೇ ತಾಗಬೇಕು. ಕಾಲಂನಿಂದ ಬಾಕ್ಸಿಗೆ ಬರುವ ಶಾಫ್ಟಿನಲ್ಲಿ ಎರಡು ಯೂನಿವರ್ಸಲ್ ಜಾಯಿಂಟ್ ಇದ್ದರೆ ಅವುಗಳ ಕವಲು ಒಂದೇ ಸಾಲಿನಲ್ಲಿರಬೇಕು, ಇಲ್ಲವಾದರೆ ತಿರುಗಿಸುವಾಗ ಒಂದು ಕಡೆ ಹಗುರ ಒಂದು ಕಡೆ ಬಿಗಿ. ಮೂರು ಜಾಯಿಂಟ್ ಬಂದರೆ ನಡುವೆ ಬೇರಿಂಗ್ ಆಸರೆ ಕಡ್ಡಾಯ. ಶಾಫ್ಟನ್ನು ಕತ್ತರಿಸಿ ವೆಲ್ಡ್ ಹೊಡೆದದ್ದನ್ನು ನಾವು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಪೈಪಿನ ವಿಷಯ ಸರಳ. ಪ್ರೆಶರ್ ಪೈಪ್ ಕ್ರಿಂಪ್ ಮಾಡಿದ್ದೇ ಇರಲಿ, ವಾಪಸು ಬರುವ ಪೈಪಿಗೆ ರೇಡಿಯೇಟರ್ ಹೋಸ್ ಹಾಕಿದರೆ ಎಣ್ಣೆಗೆ ಉಬ್ಬಿ ಮೆತ್ತಗಾಗುತ್ತದೆ. ಎಣ್ಣೆ ಡಬ್ಬಿ ಪಂಪಿಗಿಂತ ಮೇಲಿರಲಿ. ಎಣ್ಣೆ ಎಟಿಎಫ್ ಡೆಕ್ಸ್ರಾನ್, ತೊಳೆಯುವುದಕ್ಕೂ ಸೇರಿ 2 ಲೀಟರ್ ತಂದಿಡಿ. ಬ್ರೇಕ್ ಆಯಿಲ್ ಹೊಯ್ದರೆ ಸೀಲ್ ಹಾಳು. ಗಾಳಿ ತೆಗೆಯಲು ಮುಂದಿನ ಚಕ್ರ ಎತ್ತಿ, ಎಂಜಿನ್ ಬಂದ್ ಇಟ್ಟೇ ಇಪ್ಪತ್ತು ಬಾರಿಯಾದರೂ ತುದಿಯಿಂದ ತುದಿಗೆ ನಿಧಾನ ತಿರುಗಿಸುತ್ತಾ ಎಣ್ಣೆ ತುಂಬಬೇಕು. ಆಮೇಲೆ ಸ್ಟಾರ್ಟ್. ನೊರೆ ಬಂದು ಹಾಲಿನಂತಾದರೆ ಗಾಳಿ ಉಳಿದಿದೆ, ಕುಂಯ್ ಎನ್ನುವ ಸದ್ದೂ ಅದರದ್ದೇ. ಚಕ್ರ ಎತ್ತಿದ್ದಾಗಲೇ ಸ್ಟೇರಿಂಗ್ ಬಿಟ್ಟು ನೋಡಿ. ತಾನಾಗಿ ಒಂದು ಕಡೆಗೆ ತಿರುಗಿದರೆ ಬಾಕ್ಸಿನ ವಾಲ್ವ್ ಕೆಟ್ಟಿದೆ, ಹಿಂದಿರುಗಿಸಿ. ಫುಲ್ ಕಟ್‌ನಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿದಿರಬಾರದು, ಎಣ್ಣೆ ರಿಲೀಫ್ ವಾಲ್ವಿನಲ್ಲೇ (ಹೆಚ್ಚಿದ ಒತ್ತಡ ಬಿಡುವ ಕವಾಟ) ಸುತ್ತಿ ಬಿಸಿಯಾಗುತ್ತದೆ. ತೋಟದೊಳಗೆ ರಿವರ್ಸ್ ಜಾಸ್ತಿ ಇರುವ ಗಾಡಿಗೆ ವಾಪಸು ಪೈಪಿನಲ್ಲಿ ಒಂದು ಸಣ್ಣ ಕೂಲರ್ ಹಾಕಿಸಿದರೆ ಪಂಪಿನ ಆಯುಷ್ಯಕ್ಕೆ ಒಳ್ಳೆಯದು.

ಸಣ್ಣ ಕಾರುಗಳ ಎಲೆಕ್ಟ್ರಿಕ್ ಕಾಲಂ (ಮೋಟರ್ ಜೋಡಿಸಿದ ಸ್ಟೇರಿಂಗ್ ಕಂಬ) ಹಾಕಿಸುವ ಅಗ್ಗದ ದಾರಿಯೂ ಇದೆ. ಚಾಸಿ ಮುಟ್ಟಬೇಕಾಗಿಲ್ಲ ಎಂಬುದು ಅದರ ದೊಡ್ಡ ಅನುಕೂಲ. ಆದರೂ ಹುಡ್ (ಬಟ್ಟೆಯ ಮಾಡು) ಹಾಕಿದ ಜೀಪಿಗೆ ನಾವು ಶಿಫಾರಸು ಮಾಡುವುದಿಲ್ಲ. ಮುಚ್ಚಿದ ಕಾರಿನೊಳಗೆ ಒಣಗಿರಲೆಂದು ಮಾಡಿದ ಮೋಟರು, ಕಂಟ್ರೋಲ್ ಪೆಟ್ಟಿಗೆಗೆ ನಮ್ಮ ಮಳೆಯ ಎರಚಲು ಆಗದು. ಭಾರ ಬಿದ್ದಾಗ 30 ಆಂಪಿಯರಿಗೂ ಮೀರಿ ಎಳೆಯುವುದರಿಂದ ಹಳೆ ಆಲ್ಟರ್ನೇಟರ್ ಬಸವಳಿಯುತ್ತದೆ. ಸವೆದ ಮ್ಯಾನ್ಯುಯಲ್ ಬಾಕ್ಸ್ ಅಲ್ಲೇ ಉಳಿದು, ಈಗ ಮೋಟರಿನ ಬಲವನ್ನೂ ತಡೆದುಕೊಳ್ಳಬೇಕಾಗುತ್ತದೆ.

ಕಿಂಗ್ ಪಿನ್ (ಮುಂದಿನ ಚಕ್ರ ಎಡ–ಬಲ ತಿರುಗುವ ಕೀಲು) ಬೇರಿಂಗ್, ಬಾಲ್ ಜಾಯಿಂಟ್, ಕಮಾನಿನ ಬುಷ್ ಸವೆದಿದ್ದರೆ ಅವನ್ನು ಮೊದಲು ಬದಲಾಯಿಸಿ. ಪವರ್ ಸ್ಟೇರಿಂಗ್ ಹಾಕಿದರೆ ವಾಬ್ಲಿಂಗ್ (ಮುಂದಿನ ಚಕ್ರಗಳ ಓಲಾಟ) ಹೋಗುತ್ತದೆ ಎಂದು ಹೇಳುವ ಮಾತು ಸುಳ್ಳು. ಅದು ಕೆಲ ದಿನ ಕೈಗೆ ಗೊತ್ತಾಗದಂತೆ ಅಡಗಿರುತ್ತದೆ ಅಷ್ಟೆ. ಕೊನೆಗೆ ಟೋ ಇನ್ (ಮುಂದಿನ ಚಕ್ರಗಳ ಮುಂಬದಿ ಒಳಕ್ಕೆ ವಾಲಿರುವ ಅಳತೆ) 2 ಮಿಮೀ ಆಸುಪಾಸಿಗೆ ಇಟ್ಟು, ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತಿಲ್ಲವಾದರೆ ಕಮಾನಿನ ಕೆಳಗೆ ಓರೆ ಶಿಮ್ ಹಾಕಿ ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ) ಒಂದೆರಡು ಡಿಗ್ರಿ ಏರಿಸಬೇಕು.

ಕಾನೂನಿನ ಕಡೆಯೂ ಗಮನ ಇರಲಿ. ಗಾಡಿಯ ಮೂಲ ರೂಪ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ವ್ಯಾಪ್ತಿಗೆ ಬರುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಕಟ್ಟುನಿಟ್ಟಾಗಿ ತೀರ್ಪು ಕೊಟ್ಟಿದ್ದು ಕೇರಳದ್ದೇ ಪ್ರಕರಣದಲ್ಲಿ. ಫಿಟ್‌ನೆಸ್‌ಗೆ ಹೋಗುವ ದಿನದವರೆಗೆ ಕಾಯದೆ, ಕೆಲಸಕ್ಕೆ ಕೈ ಹಾಕುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಬಿಡಿಭಾಗಗಳ ಬಿಲ್ ಇಟ್ಟುಕೊಳ್ಳಿ, ಇನ್ಶೂರೆನ್ಸ್ ಕಂಪನಿಗೂ ತಿಳಿಸಿ.

ಗಾಡಿ ಕೈಗೆ ಬಂದ ಮೇಲೆ 500 ಕಿಮೀ ಓಡಿಸಿ ಬಾಕ್ಸಿನ ಬೋಲ್ಟ್, ಡ್ರಾಪ್ ಆರ್ಮ್ ನಟ್, ಬೆಲ್ಟ್ ಮೂರನ್ನೂ ಮತ್ತೆ ಬಿಗಿಸಿ ನೋಡಬೇಕು. ಆಗಲೇ ಪ್ಲೇಟಿನ ಅಂಚುಗಳನ್ನು ತೊಳೆದು, ಬಣ್ಣದಲ್ಲಿ ಕೂದಲೆಳೆಯ ಬಿರುಕು ಇದೆಯೇ ಎಂದು ಟಾರ್ಚ್ ಹಿಡಿದು ಹುಡುಕಿ.